‘ಡಿಸೇಬಲ್ ಆಲ್’ ಒತ್ತಿದ ಮಾತ್ರಕ್ಕೆ ಫಾರ್ಮ್ಯಾಟ್ ಬೇಡ

ಮಾನ್ಯರೇ,

ಕಂಪ್ಯೂಟರ್ ನಿಧಾನವಾದರೆ ‘ಎಂಎಸ್‌ಕಾನ್ಫಿಗ್ (ವಿಂಡೋಸ್ ಶುರುವಾಗುವ ರೀತಿ ಬದಲಿಸುವ ಸಾಧನ) ತೆರೆದು ಸರ್ವೀಸ್‌ಗಳನ್ನೆಲ್ಲ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂಗಳನ್ನೆಲ್ಲ) ನಿಲ್ಲಿಸಿ’ ಎಂಬ ಸಲಹೆ ವಾಟ್ಸ್‌ಆ್ಯಪ್, ಯೂಟ್ಯೂಬ್‌ನಲ್ಲಿ ಧಾರಾಳವಾಗಿ ಸಿಗುತ್ತದೆ. ‘ಹೈಡ್ ಆಲ್ ಮೈಕ್ರೋಸಾಫ್ಟ್ ಸರ್ವೀಸಸ್’ಗೆ ಮೊದಲು ಟಿಕ್ ಹಾಕಿ ಎಂದು ಹೇಳುವವರು ಕಡಿಮೆ. ಆ ಟಿಕ್ ಇಲ್ಲದೆ ‘ಡಿಸೇಬಲ್ ಆಲ್’ ಒತ್ತಿದರೆ ವಿಂಡೋಸ್‌ನ ಸ್ವಂತ ಸರ್ವೀಸ್‌ಗಳೂ ನಿಲ್ಲುತ್ತವೆ. ರೀಸ್ಟಾರ್ಟ್ ಆದಮೇಲೆ ಪಿನ್ ನಡೆಯುವುದಿಲ್ಲ, ವೈಫೈ ಇಲ್ಲ, ಸೌಂಡ್ ಇಲ್ಲ. ಎಷ್ಟೋ ಅಂಗಡಿಗಳಲ್ಲಿ ಇದಕ್ಕೆ ಸಿಗುವ ಮದ್ದು ಫಾರ್ಮ್ಯಾಟ್ ಒಂದೇ. ಅದು ಬೇಕಿಲ್ಲ. ಡಿಸ್ಕ್ ಕೆಟ್ಟಿಲ್ಲ, ಫೈಲುಗಳು ಇದ್ದಲ್ಲೇ ಇವೆ; ವಿಂಡೋಸ್‌ನ ಸೆಟ್ಟಿಂಗ್‌ಗಳನ್ನು ಬರೆದಿಡುವ ರಿಜಿಸ್ಟ್ರಿಯಲ್ಲಿ ಕೆಲವು ಅಂಕಿ ಬದಲಾಗಿವೆ, ಅಷ್ಟೇ.

ಲಾಗಿನ್ ಪರದೆಯ ಪವರ್ ಗುರುತು ಒತ್ತಿ, ಶಿಫ್ಟ್ ಕೀ ಹಿಡಿದುಕೊಂಡೇ ರೀಸ್ಟಾರ್ಟ್ ಕೊಡಿ. ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್. ನಂತರ 4 ಒತ್ತಿದರೆ ಅಗತ್ಯವಿರುವಷ್ಟೇ ಓಡುವ ಸೇಫ್ ಮೋಡ್. ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಇದ್ದರೆ 48 ಅಂಕಿಗಳ ರಿಕವರಿ ಕೀ ಕೇಳಬಹುದು. ಮೈಕ್ರೋಸಾಫ್ಟ್ ಖಾತೆಯಲ್ಲಿ ಅದು ಉಳಿದಿದ್ದರೆ ಮೊಬೈಲ್‌ನಿಂದಲೇ ನೋಡಬಹುದು. ಸೇಫ್ ಮೋಡ್‌ನಲ್ಲಿ ಪಿನ್ ಬದಲು ಪಾಸ್‌ವರ್ಡ್ ಹಾಕಿ ಒಳಹೋಗಿ, ಎಂಎಸ್‌ಕಾನ್ಫಿಗ್‌ನ ಜನರಲ್ ಟ್ಯಾಬ್‌ನಲ್ಲಿ ‘ನಾರ್ಮಲ್ ಸ್ಟಾರ್ಟಪ್’ ಆರಿಸಿ ರೀಸ್ಟಾರ್ಟ್ ಮಾಡಿ. ಎಂಎಸ್‌ಕಾನ್ಫಿಗ್‌ನಿಂದಲೇ ಕೆಡಿಸಿದ್ದರೆ ಬಹುಪಾಲು ಇಷ್ಟಕ್ಕೇ ಸರಿಹೋಗುತ್ತದೆ.

‘ಸರ್ವೀಸಸ್’ ಕಿಟಕಿಗೆ ಹೋಗಿ ಒಂದೊಂದನ್ನೇ ಡಿಸೇಬಲ್ ಮಾಡಿದ್ದರೆ ಇದು ಸಾಲದು. ಆಗ ಅದೇ ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ ಸೆಟ್ಟಿಂಗ್‌ಗಳನ್ನು ಹಿಂದಿನ ಸ್ಥಿತಿಗೆ ತರುವ ಸಿಸ್ಟಮ್ ರೀಸ್ಟೋರ್ ನೋಡಿ. ಎಷ್ಟೋ ಕಂಪ್ಯೂಟರ್‌ಗಳಲ್ಲಿ ಅದು ಆಫ್ ಇರುವುದರಿಂದ ರೀಸ್ಟೋರ್ ಪಾಯಿಂಟ್ (ಉಳಿಸಿಟ್ಟ ಹಿಂದಿನ ಸ್ಥಿತಿ) ಸಿಗದಿರಬಹುದು. ಕೊನೆಯ ದಾರಿ ಆದೇಶ ಟೈಪ್ ಮಾಡುವ, ಅಲ್ಲಿನ ಕಮಾಂಡ್ ಪ್ರಾಂಪ್ಟ್. ರಿಜಿಸ್ಟ್ರಿ ತಿದ್ದುವ ‘ರೆಜ್‌ಎಡಿಟ್’ ತೆರೆದು, ಎಚ್‌ಕೀ ಲೋಕಲ್ ಮಷೀನ್ ಮೇಲೆ ನಿಂತು, ಫೈಲ್ ಮೆನುವಿನ ‘ಲೋಡ್ ಹೈವ್’ನಿಂದ (ಹೈವ್ ಎಂದರೆ ರಿಜಿಸ್ಟ್ರಿಯ ಒಂದು ಭಾಗದ ಫೈಲ್) ವಿಂಡೋಸ್, ಸಿಸ್ಟಮ್32, ಕಾನ್ಫಿಗ್ ಫೋಲ್ಡರ್‌ನಲ್ಲಿರುವ ‘ಸಿಸ್ಟಮ್’ ಫೈಲ್ ತೆರೆಯಬೇಕು. ಅಲ್ಲಿ ಸಿ ಡ್ರೈವ್ ಡಿ ಎಂದು ಕಾಣಿಸಿದರೆ ಗಾಬರಿ ಬೇಡ. ಹೈವ್ ಲೋಡ್ ಮಾಡದೆ ತಿದ್ದಿದರೆ ತಿದ್ದುಪಡಿಯಾಗುವುದು ರಿಕವರಿ ಪರಿಸರದ (ದುರಸ್ತಿಗಾಗಿ ಆಗ ಓಡುವ ಚಿಕ್ಕ ವಿಂಡೋಸ್‌ನ) ರಿಜಿಸ್ಟ್ರಿ, ನಿಮ್ಮದಲ್ಲ. ಹೆಚ್ಚಿನವರು ಎಡವುವುದೇ ಇಲ್ಲಿ. ಹೀಗೆ ತೆರೆದ ಹೈವ್‌ನೊಳಗೆ ಕಂಟ್ರೋಲ್‌ಸೆಟ್001ರ ಸರ್ವೀಸಸ್ ಅಡಿಯಲ್ಲಿ ಪ್ರತಿಯೊಂದು ಸರ್ವೀಸ್‌ಗೂ ‘ಸ್ಟಾರ್ಟ್’ ಎಂಬ ಅಂಕಿ ಇರುತ್ತದೆ: 2 ಎಂದರೆ ತಾನಾಗಿ ಶುರು, 3 ಬೇಕಾದಾಗ, 4 ಬಂದ್. ಈವೆಂಟ್ ಲಾಗ್, ಯೂಸರ್ ಪ್ರೊಫೈಲ್, ಕ್ರಿಪ್ಟೋಗ್ರಾಫಿಕ್ ಸರ್ವೀಸ್‌ಗಳಿಗೆ 2, ವಿಂಡೋಸ್ ಇನ್‌ಸ್ಟಾಲರ್‌ಗೆ 3. ಕಂಡ 4ನ್ನೆಲ್ಲ 2 ಮಾಡಬಾರದು; ರಿಮೋಟ್ ರಿಜಿಸ್ಟ್ರಿಯಂಥವು ಭದ್ರತೆಗಾಗಿ ಮೊದಲಿನಿಂದಲೇ ಬಂದ್ ಇರುತ್ತವೆ. ಮುಗಿದ ಮೇಲೆ ‘ಅನ್‌ಲೋಡ್ ಹೈವ್’ ಮರೆಯಬೇಡಿ.

ಪತ್ರಿಕೆಗಳ ತಂತ್ರಜ್ಞಾನ ಅಂಕಣಗಳು ಕಂಪ್ಯೂಟರ್ ವೇಗ ಹೆಚ್ಚಿಸುವ ಸಲಹೆ ಅಚ್ಚು ಹಾಕುವಾಗ ಆ ಒಂದು ಟಿಕ್ ಮತ್ತು ರೀಸ್ಟೋರ್ ಪಾಯಿಂಟ್ ಮಾಡಿಟ್ಟುಕೊಳ್ಳುವ ವಿಧಾನವನ್ನೂ ಸೇರಿಸಲಿ.

– ಕಂಪ್ಯೂಟರ್ ದುರಸ್ತಿಗಾರರು, ದಾವಣಗೆರೆ