ಶೆರ್ ನದಿಯ ದಡದಿಂದ

ಪ್ರಿಯ ಗೆಳೆಯ,

ಹೋದ ವಾರ ಫ್ರಾನ್ಸಿನ ಶೆನೊನ್ಸೋ ಅರಮನೆಯನ್ನು ನೋಡಿ ಬಂದೆ. ಶೆರ್ ನದಿಯ ಮೇಲೆ ಸೇತುವೆಯಂತೆ ಚಾಚಿಕೊಂಡ ಕಟ್ಟಡವದು. ಕಪ್ಪು-ಬಿಳುಪು ಹಾಸುಗಲ್ಲಿನ ಅರವತ್ತು ಮೀಟರ್ ಉದ್ದದ ಮೊಗಸಾಲೆಯನ್ನು ದಾಟಿದರೆ ಬಾಗಿಲು ಎದುರು ದಡಕ್ಕೆ ತೆರೆದುಕೊಳ್ಳುತ್ತದೆ. ನಾನು ನಿಧಾನವಾಗಿಯೇ ನಡೆದೆ, ಒಂದೆರಡು ನಿಮಿಷ ಹಿಡಿಯಿತು. ಆದರೆ 1940ರ ಬೇಸಿಗೆಯಿಂದ ಎರಡು ವರ್ಷಕ್ಕೂ ಹೆಚ್ಚು ಕಾಲ ಈ ಮೊಗಸಾಲೆಯ ಒಂದು ತುದಿ ಜರ್ಮನ್ನರು ಆಕ್ರಮಿಸಿಕೊಂಡಿದ್ದ ಫ್ರಾನ್ಸಿನಲ್ಲಿತ್ತು, ಇನ್ನೊಂದು ತುದಿ ಜರ್ಮನ್ನರಿಗೆ ಮಣಿದ ಫ್ರೆಂಚರ ವಿಶಿ ಸರ್ಕಾರದ ಪಾಲಿಗೆ ಉಳಿದ ಫ್ರಾನ್ಸಿನಲ್ಲಿತ್ತು. ಕದ್ದು ದಾಟುವವರಿಗೆ ಇದೇ ದಾರಿಯಾಯಿತು.

ಆ ವರ್ಷ ಜೂನ್ 22ರ ಕದನವಿರಾಮ ಒಪ್ಪಂದದಂತೆ ಈ ಎರಡು ಭಾಗಗಳ ನಡುವೆ ಎಳೆದ ಗೆರೆ ಸ್ವಿಟ್ಜರ್ಲೆಂಡಿನ ಗಡಿಯಿಂದ ಸ್ಪೇನಿನ ಗಡಿಯವರೆಗೆ ಸುಮಾರು 1,200 ಕಿಲೋಮೀಟರ್ ಹಬ್ಬಿ, 13 ಜಿಲ್ಲೆಗಳನ್ನು ನಡುವೆಯೇ ಸೀಳಿತ್ತು. ಮನೆ ಈಚೆ, ಹೊಲ ಆಚೆ ಎಂಬಂಥ ರೈತರು ತಮ್ಮದೇ ಬೆಳೆಯ ಬಳಿಗೆ ಹೋಗಲು ಜರ್ಮನ್ ಪರವಾನಗಿ ತೋರಿಸಬೇಕಿತ್ತು. ವಿಶಿಯ ದಕ್ಷಿಣ ಭಾಗಕ್ಕೆ ಓಡಿಹೋಗಿದ್ದ ಯಹೂದಿಗಳು ಮನೆಗೆ ಮರಳುವುದನ್ನು ಅದೇ ಸೆಪ್ಟೆಂಬರಿನಲ್ಲಿ ನಿಷೇಧಿಸಲಾಯಿತು. ರಾತ್ರಿ ದಾಟಿಸುವವರೂ ಹುಟ್ಟಿಕೊಂಡರು; ರೈತರು, ರೈಲ್ವೆ ನೌಕರರು, ಪಾದ್ರಿಗಳು ಪ್ರಾಣವನ್ನೇ ಪಣಕ್ಕಿಟ್ಟರೆ, ಕೆಲವರು ಕಷ್ಟದಲ್ಲಿದ್ದವರ ಜೇಬನ್ನೇ ಬರಿದು ಮಾಡಿದರು.

ನನ್ನನ್ನು ಹೆಚ್ಚು ಕಾಡಿದ್ದು ಮಾತ್ರ ಕಾವಲು ಗೋಪುರಗಳಲ್ಲ, ಒಂದು ಅಂಚೆ ಕಾರ್ಡು. ಮೊದಲು ಆಚೀಚೆ ಕಾಗದವೇ ಹೋಗುವಂತಿರಲಿಲ್ಲ. ಶರತ್ಕಾಲದಲ್ಲಿ ಅನುಮತಿ ಸಿಕ್ಕಾಗ ಬಂದದ್ದು ಮೊದಲೇ ಅಚ್ಚಾದ ಕಾರ್ಡು. ‘ಆರೋಗ್ಯವಾಗಿದ್ದಾರೆ’, ‘ದಣಿದಿದ್ದಾರೆ’, ‘ಗಾಯಗೊಂಡಿದ್ದಾರೆ’, ‘ಸತ್ತಿದ್ದಾರೆ’, ‘ಸೆರೆಯಲ್ಲಿದ್ದಾರೆ’ ಎಂಬವುಗಳಲ್ಲಿ ಬೇಡದ್ದನ್ನು ಹೊಡೆದುಹಾಕಬೇಕು, ಬಿಟ್ಟ ಜಾಗದಲ್ಲಿ ಹೆಸರನ್ನಷ್ಟೇ ತುಂಬಬೇಕು. ಮನೆಯ ಸಂಗತಿ ಬಿಟ್ಟು ಬೇರೇನಾದರೂ ಬರೆದರೆ ಕಾರ್ಡು ಮುಂದೆ ಹೋಗುವುದಿಲ್ಲ, ‘ಬಹುಶಃ’ ನಾಶವಾಗುತ್ತದೆ ಎಂಬ ಎಚ್ಚರಿಕೆಯೂ ಅದರ ಮೇಲೆಯೇ ಇತ್ತು. ಆ ‘ಬಹುಶಃ’ದ ಸೌಜನ್ಯವನ್ನು ನೋಡು! ನೆಗಡಿಯಾದರೂ ನಾಲ್ಕು ಪುಟ ಬರೆಯುವ ನಿನ್ನ ಗತಿ ಏನಾಗುತ್ತಿತ್ತೋ.

1942ರ ನವೆಂಬರಿನಲ್ಲಿ ಜರ್ಮನ್ನರು ದಕ್ಷಿಣವನ್ನೂ ನುಂಗಿದರು. ಇಡೀ ದೇಶವೇ ಕೈವಶವಾದ ಮೇಲೂ ಆ ಗೆರೆಯನ್ನು ತೆಗೆದದ್ದು ಮರುವರ್ಷದ ಮಾರ್ಚಿನಲ್ಲಿ.

ಹಳೆಯ ಸಾಮಾನಿನ ಅಂಗಡಿಯೊಂದರಲ್ಲಿ ಅಂಥದೊಂದು ಕಾರ್ಡು ನನ್ನ ಕೈಗೇ ಸಿಕ್ಕಿತು. ಕೊನೆಯ ಸಾಲಿನಲ್ಲಿ ‘ಪ್ರೀತಿಯ ನೆನಪುಗಳು’, ‘ಮುತ್ತುಗಳು’ ಎಂದು ಅವೂ ಅಚ್ಚಾಗಿಯೇ ಬಂದಿದ್ದವು. ಬರೆದವರು ಮೇಲಿನ ಸಾಲುಗಳನ್ನೆಲ್ಲ ಒಂದೊಂದಾಗಿ ಹೊಡೆದುಹಾಕಿ, ಅವೆರಡನ್ನೂ ಹಾಗೆಯೇ ಉಳಿಸಿದ್ದರು.

ನಿನ್ನ
ಗೆಳೆಯ