ರಮ್ಯಾಳ ಮಾತ್ರೆ ನಿಲ್ಲಿಸಬೇಡಿ, ಅಮ್ಮ

ಗ್ಲಾಸ್ಗೋ
ನವೆಂಬರ್ 2025

ಪ್ರೀತಿಯ ಅಮ್ಮನಿಗೆ ನಮಸ್ಕಾರಗಳು, ಅಪ್ಪನಿಗೂ. ಇಲ್ಲಿ ನಾವು ಮೂವರೂ ಕ್ಷೇಮ. ಇವರಿಗೆ ನೆಗಡಿ. ಅದು ಇಲ್ಲಿ ಅಕ್ಟೋಬರಿನಲ್ಲಿ ಹತ್ತಿಕೊಂಡರೆ ಮಾರ್ಚಿನವರೆಗೆ ಬಿಡುವುದಿಲ್ಲ, ಆದ್ದರಿಂದ ಲೆಕ್ಕಕ್ಕಿಲ್ಲ. ಅಡಿಕೆಗೆ ಕೊಳೆ ಬಂದದ್ದು ಓದಿ ಬೇಸರವಾಯಿತು. ಕೊನೆಕೊಯ್ಲಿಗೆ ಆಳುಗಳು ಸಿಕ್ಕರೇ?

ನಿನ್ನ ಕಾಗದ ತಲುಪಿತು. ನಮ್ಮ ಮನೆಯಲ್ಲಿ ಫೋನು ಹಿಡಿದು ಮಾತನಾಡಿದರೆ ಕೊಟ್ಟಿಗೆಯವರೆಗೆ ಕೇಳುತ್ತದೆ, ಬರೆದದ್ದೇ ಒಳ್ಳೆಯದಾಯಿತು. ಆದರೆ ಅಮ್ಮ, ನೀನು ಪುಟಗಟ್ಟಲೆ ಬರೆದದ್ದು ನನ್ನ ಮಗಳು ಅನಘಾ ಪ್ಯಾಡು ಹಿಡಿದು ಹುಡುಗನ ಪಕ್ಕ ನಿಂತ ಫೋಟೋದ ಬಗ್ಗೆ. ಅಣ್ಣನ ಮಗಳು ರಮ್ಯಾ ಹಾಸ್ಟೆಲ್ಲಿನ ಮೆಟ್ಟಿಲ ಮೇಲೆ ತಲೆ ತಿರುಗಿ ಬಿದ್ದದ್ದು, ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 8.4 ಬಂದದ್ದು ಕೊನೆಯ ಎರಡು ಸಾಲು. ನನ್ನ ನಿದ್ದೆ ಕೆಡಿಸಿದ್ದು ಆ ಎರಡು ಸಾಲು.

ಮೊದಲು ಫೋಟೋದ ವಿಷಯ ಮುಗಿಸಿಬಿಡುತ್ತೇನೆ. ಅನಘಾ ನಿಂತದ್ದು ಬೀದಿಯಲ್ಲಲ್ಲ, ಶಾಲೆಯ ಸಭಾಂಗಣದಲ್ಲಿ. ಕೈಯಲ್ಲಿದ್ದದ್ದು ಸ್ಯಾನಿಟರಿ ಪ್ಯಾಡಿನ ಪೊಟ್ಟಣ, ಹೌದು. ಪಕ್ಕದಲ್ಲಿದ್ದ ಹುಡುಗ ಕ್ಯಾಲಮ್, ಅವಳದೇ ತರಗತಿಯವನು. ಹದಿನಾಲ್ಕು ವರ್ಷಕ್ಕೇ ಬಾಗಿಲಿಗೆ ತಲೆ ತಾಗುವಷ್ಟು ಬೆಳೆದಿದ್ದಾನೆ ಎಂಬುದನ್ನು ಬಿಟ್ಟರೆ ಪಾಪದ ಹುಡುಗ. ಇಲ್ಲಿನ ಪಠ್ಯಕ್ರಮದಲ್ಲಿ ಓದುಬರಹ, ಲೆಕ್ಕ, ಆರೋಗ್ಯ ಈ ಮೂರನ್ನು ಕಲಿಸುವುದು ಎಲ್ಲ ಶಿಕ್ಷಕರ ಹೊಣೆ ಎಂದೇ ಬರೆದಿದ್ದಾರೆ. ಭೂಗೋಳದ ಮೇಷ್ಟರೂ ಮಕ್ಕಳಿಗೆ ಎಷ್ಟು ಹೊತ್ತು ಮಲಗುತ್ತೀರಿ ಎಂದು ಕೇಳುತ್ತಾರೆ. ಈ ಸಲ ಆರೋಗ್ಯ ವಾರವನ್ನು ಮಕ್ಕಳೇ ನಡೆಸಿದರು. ಮೇಜು ಹಾಕಿದವರು, ಭಿತ್ತಿಪತ್ರ ಬರೆದವರು, ಬಂದವರ ಪ್ರಶ್ನೆಗೆ ಉತ್ತರ ಹೇಳಿದವರು ಎಲ್ಲ ಅವರೇ. ಶಿಕ್ಷಕರು ಗೋಡೆಗೆ ಒರಗಿ ಚಹಾ ಕುಡಿಯುತ್ತಿದ್ದರು.

ಪ್ಯಾಡು ಕೊಡುವುದು ಇಲ್ಲಿ ಕಾನೂನು. ಸ್ಕಾಟ್ಲೆಂಡಿನ ಸಂಸತ್ತು 2020ರಲ್ಲಿ ಒಪ್ಪಿ, 2022ರ ಆಗಸ್ಟಿನಿಂದ ಅದು ಪೂರ್ತಿ ಜಾರಿಗೆ ಬಂದಿದೆ. ಬೇಕಾದವರಿಗೆಲ್ಲ ಉಚಿತವಾಗಿ ಸಿಗಲೇಬೇಕು, ಶಾಲೆಯಲ್ಲೂ ಕಾಲೇಜಿನಲ್ಲೂ. ಜಗತ್ತಿನಲ್ಲಿ ಇಂಥ ಕಾನೂನು ಮಾಡಿದ ಮೊದಲ ದೇಶ ಇದು. ಗ್ರಂಥಾಲಯದಲ್ಲಿ ಬುಟ್ಟಿ ತುಂಬ ಇಟ್ಟದ್ದನ್ನು ಮೊದಲ ಸಲ ಕಂಡಾಗ ನಾನು ಅತ್ತಿತ್ತ ನೋಡಿ ಕಾಣದವಳಂತೆ ಮುಂದೆ ಹೋಗಿದ್ದೆ. ನೀನು ಬೆಳೆಸಿದ ಮಗಳಲ್ಲವೇ! ನಮ್ಮ ಸರ್ಕಾರವೂ ಶುಚಿ ಯೋಜನೆಯಲ್ಲಿ ಶಾಲೆಯ ಹುಡುಗಿಯರಿಗೆ ಹಂಚಿದ್ದುಂಟು. ಹಾಗಾಗಿ ಇದು ಪರದೇಶದ ಹುಚ್ಚು ಎಂದು ಬಗೆಯಬೇಡ.

ಬೇರೆ ಮೇಜುಗಳೂ ಇದ್ದವು. ಇಲ್ಲೇ ಹತ್ತಿರದ ಬ್ಲಾಂಟೈರ್ ಎಂಬಲ್ಲಿ ಆಫ್ರಿಕ ಸುತ್ತಿದ ಡೇವಿಡ್ ಲಿವಿಂಗ್‌ಸ್ಟನ್ ಹುಟ್ಟಿದ್ದು, ಬ್ಲಾಂಟೈರ್ ಎಂಬ ಹೆಸರಿನ ದೊಡ್ಡ ನಗರ ಆಫ್ರಿಕದ ಮಲಾವಿಯಲ್ಲೂ ಇದೆ. ಆ ನಂಟು ಹಿಡಿದು ಇಲ್ಲಿನ ಎಷ್ಟೋ ಶಾಲೆಗಳು ಮಲಾವಿಯ ಶಾಲೆಗಳೊಡನೆ ಒಡನಾಟ ಇಟ್ಟುಕೊಂಡಿವೆ. ಮಕ್ಕಳು ಸೊಳ್ಳೆಪರದೆ ಕಟ್ಟಿ, ಬಂದವರನ್ನು ಅದರೊಳಗೆ ಕೂರಿಸಿ ಮಲೇರಿಯಾದ ಕಥೆ ಹೇಳುತ್ತಿದ್ದರು. 2023ರಲ್ಲಿ ಲೋಕದಲ್ಲಿ ಹತ್ತಿರ ಹತ್ತಿರ ಆರು ಲಕ್ಷ ಜನ ಅದರಿಂದ ಸತ್ತರು, ಹೆಚ್ಚಿನವರು ಆಫ್ರಿಕದ ಐದು ವರ್ಷದೊಳಗಿನ ಕೂಸುಗಳು. ಮಲೇರಿಯಾ ಲಸಿಕೆಯನ್ನು ಊರೂರಿನ ಮಕ್ಕಳಿಗೆ ಹಾಕಲು ಶುರು ಮಾಡಿದ್ದೂ 2019ರಲ್ಲಿ ಮಲಾವಿಯಲ್ಲೇ. ಆಮೇಲೆ ಬಂದ ಇನ್ನೊಂದು ಲಸಿಕೆ ನಮ್ಮ ಪುಣೆಯಲ್ಲಿ ತಯಾರಾಗುತ್ತದೆ, ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಜೀವಿಯನ್ನು ರೊನಾಲ್ಡ್ ರಾಸ್ ಕಂಡದ್ದು 1897ರಲ್ಲಿ ಸಿಕಂದರಾಬಾದಿನಲ್ಲಿ ಎಂದು ಅನಘಾ ಎಲ್ಲರೆದುರು ಹೇಳಿದಾಗ ನನಗೆ ಸ್ವಲ್ಪ ಹೆಮ್ಮೆಯಾಯಿತು. ಸ್ವಲ್ಪವೇನು, ತುಂಬ.

ಉಣುಗಿನಿಂದ ಬರುವ ಮಂಗನ ಕಾಯಿಲೆಯನ್ನೂ ಅವಳು ಬಿಡಲಿಲ್ಲ. ಇಲ್ಲಿ ಗುಡ್ಡ ಹತ್ತುವವರಿಗೆಲ್ಲ ಉಣುಗಿನ ಕಾಟ ಗೊತ್ತು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದದ್ದನ್ನು ಇವಳು ವಿವರಿಸಿದಾಗ ಕೇಳುತ್ತಿದ್ದವರು ಕಾಲುಚೀಲ ಮೇಲಕ್ಕೆಳೆದುಕೊಂಡರು. ಇಲ್ಲಿನ ಕುರಿಗಳಿಗೆ ಉಣುಗಿನಿಂದ ಬರುವ ಒಂದು ರೋಗದ ವೈರಸ್ಸು ನಮ್ಮ ಮಂಗನ ಕಾಯಿಲೆಯ ವೈರಸ್ಸಿಗೆ ದಾಯಾದಿಯಂತೆ. ಅಪ್ಪನಿಗೆ ಹೇಳು, ನಗುತ್ತಾರೆ.

ಒಂದು ಮೇಜಿನ ತುಂಬ ವೇಪ್ ಎಂಬ ಇ-ಸಿಗರೇಟುಗಳ ಚಿತ್ರ. ಮಾವಿನಹಣ್ಣಿನ ರುಚಿಯದು, ಕಲ್ಲಂಗಡಿಯದು, ಮಿಠಾಯಿಯದು. ಒಮ್ಮೆ ಸೇದಿ ಬಿಸಾಡುವವುಗಳನ್ನು ಈ ವರ್ಷದ ಜೂನ್ 1ರಿಂದ ಇಲ್ಲಿ ಮಾರುವಂತಿಲ್ಲ. ನಮ್ಮಲ್ಲಿ 2019ರಲ್ಲೇ ಇ-ಸಿಗರೇಟನ್ನು ಪೂರ್ತಿ ನಿಷೇಧಿಸಿದ್ದಾರೆ ಎಂದು ನಾನು ಇವರೆದುರು ಜಂಬ ಕೊಚ್ಚಿಕೊಂಡೆ. ನಿಷೇಧಿಸಿದ್ದೆಲ್ಲ ನಮ್ಮಲ್ಲಿ ಎಲ್ಲಿ ಸಿಗುತ್ತದೆ ಎಂದು ಇವರು ಕೇಳಲಿಲ್ಲ, ಪುಣ್ಯ.

ಈಗ ವಿಷಯಕ್ಕೆ ಬರುತ್ತೇನೆ. ಅನಘಾ ಮತ್ತು ಕ್ಯಾಲಮ್ ಹಾಕಿದ ಮೇಜು ರಕ್ತಹೀನತೆಯದು. ಅವರ ಭಿತ್ತಿಪತ್ರದಲ್ಲಿ ಹೀಗೊಂದು ಸಾಲಿತ್ತು: ಮುಟ್ಟು ಏಳು ದಿನಕ್ಕಿಂತ ಹೆಚ್ಚು ನಡೆದರೆ, ಗಂಟೆಗೋ ಎರಡು ಗಂಟೆಗೋ ಪ್ಯಾಡ್ ಬದಲಿಸಬೇಕಾಗಿ ಬಂದರೆ ವೈದ್ಯರಿಗೆ ತಿಳಿಸಿ. ಫೋಟೋದಲ್ಲಿ ನೀನು ಪೊಟ್ಟಣ ನೋಡಿದೆ, ರಮ್ಯಾ ಆ ಸಾಲು ಓದಿದಳು. ರಾತ್ರಿ ಅನಘಾಳಿಗೆ ಸಂದೇಶ ಕಳುಹಿಸಿದಳು: 'ಇದು ಎಲ್ಲರಿಗೂ ಹಾಗೆಯೇ ಆಗುವುದಲ್ಲವೇ?'

ಅವಳಿಗೆ ಒಂಬತ್ತು ದಿನ ಆಗುತ್ತದಂತೆ, ಅಮ್ಮ. ಒಂದು ವರ್ಷದಿಂದ. ಅತ್ತಿಗೆಗೆ ಹೇಳಿಲ್ಲ. ರಕ್ತ ಪರೀಕ್ಷೆ ಮಾಡಿಸಿದ ವೈದ್ಯರು ಗಂಡಸರು, ಅವರಿಗೂ ಹೇಳಿಲ್ಲ. ಅವರು ಕೇಳಿದರಂತೆ, ಇವಳು 'ಸರಿ ಇದೆ' ಎಂದಳಂತೆ. ಕೊಟ್ಟ ಕಬ್ಬಿಣಾಂಶದ ಮಾತ್ರೆಯನ್ನು ವಾರದೊಳಗೆ ನಿಲ್ಲಿಸಿದ್ದಾಳೆ. ಮಲ ಕಪ್ಪಾಗಿದ್ದು ಕಂಡು ಹೆದರಿದಳಂತೆ, ಹೊಟ್ಟೆಯೂ ತೊಳೆಸುತ್ತಿತ್ತಂತೆ. ನಿನಗೆ ಹೇಳಿದ್ದಕ್ಕೆ 'ಉಷ್ಣದ ಮಾತ್ರೆ ಅದು, ಬಿಟ್ಟುಬಿಡು, ಬೀಟ್ರೂಟ್ ರಸ ಕುಡಿ' ಎಂದೆಯಂತೆ. ಇದನ್ನೆಲ್ಲ ನನಗೆ ಹೇಳಬಹುದೇ ಎಂದು ಅನಘಾ ಕೇಳಿದ್ದಕ್ಕೆ ರಮ್ಯಾ ಒಪ್ಪಿದ ಮೇಲೆಯೇ ನನ್ನ ಕಿವಿಗೆ ಬಿತ್ತು. ಆ ಹುಡುಗಿಯನ್ನು ಬೈದರೆ ನನ್ನಾಣೆ.

ಅತ್ತಿಗೆಗೆ ಆವತ್ತೇ ಫೋನು ಮಾಡಿದೆ. ಅವರಿಗೂ ಹೆದರಿಕೆಯಾಗಿದೆ. 'ಡಾಕ್ಟರ್ ಬಳಿ ಹೋಗುವುದು ಈಗಲೇ ಬೇಡವೆಂದು ಅತ್ತೆಯವರು ಹೇಳುತ್ತಾರೆ' ಎಂದಷ್ಟೇ ಹೇಳಿ ಸುಮ್ಮನಾದರು. ಅವರು ನಿನ್ನ ಮಾತು ಮೀರುವವರಲ್ಲ ಎಂದು ನಿನಗೂ ಗೊತ್ತು, ಅದಕ್ಕೇ ಈ ಕಾಗದ ಅವರಿಗಲ್ಲ, ನಿನಗೆ.

ಬೀಟ್ರೂಟಿನ ಬಣ್ಣ ಕೆಂಪು, ಅಷ್ಟೇ. ಅದರಲ್ಲಿ ಕಬ್ಬಿಣಾಂಶ ಇರುವುದು ಅಷ್ಟಕ್ಕಷ್ಟೇ. ಹರಿವೆ, ನುಗ್ಗೆಸೊಪ್ಪು, ಹುರುಳಿ ಸಾರು ಎಲ್ಲ ಕೊಡು, ಜೊತೆಗೆ ನೆಲ್ಲಿಕಾಯಿಯೋ ನಿಂಬೆಹಣ್ಣೋ ಇರಲಿ, ಹುಳಿ ಇದ್ದರೆ ಕಬ್ಬಿಣ ಮೈಗೆ ಹತ್ತುತ್ತದೆ. ಆದರೆ ಅವಳ ವಯಸ್ಸಿನ ಹುಡುಗಿಗೆ ಹಿಮೋಗ್ಲೋಬಿನ್ 12 ಇರಬೇಕು. 8.4ರಿಂದ ಅಲ್ಲಿಗೆ ಬರೀ ತಂಬುಳಿ ಉಂಡು ಏರಲಾಗುವುದಿಲ್ಲ. ಮಾತ್ರೆ ಬೇಕೇ ಬೇಕು. ಮಲ ಕಪ್ಪಾಗುವುದು ಆ ಮಾತ್ರೆಯ ಸ್ವಭಾವ, ಭಯವಿಲ್ಲ. ಹೊಟ್ಟೆ ತೊಳೆಸಿದರೆ ಊಟವಾದ ಮೇಲೆ ತೆಗೆದುಕೊಳ್ಳಲಿ, ಆಗಲೂ ಆಗದಿದ್ದರೆ ವೈದ್ಯರು ಬೇರೆ ಮಾತ್ರೆ ಬರೆದುಕೊಡುತ್ತಾರೆ. ಊಟದ ಬೆನ್ನಿಗೇ ಕಾಫಿ ಕುಡಿಯುವ ನಮ್ಮ ಮನೆಯ ಪದ್ಧತಿ ಅವಳಿಗೆ ಸದ್ಯ ಬೇಡ, ಕಾಫಿ ಚಹಾ ಎರಡೂ ಕಬ್ಬಿಣ ಹೀರದಂತೆ ತಡೆಯುತ್ತವೆ. ಹಾಲಿನ ಜೊತೆಗೂ ಮಾತ್ರೆ ನುಂಗಬಾರದು. ಸಂಖ್ಯೆ ಸರಿಯಾಯಿತೆಂದು ಕೂಡಲೇ ನಿಲ್ಲಿಸುವುದಲ್ಲ, ಆಮೇಲೂ ಸುಮಾರು ಮೂರು ತಿಂಗಳು ನಡೆಯಬೇಕು. ಜಂತುಹುಳದ ಮಾತ್ರೆಯ ಬಗ್ಗೆಯೂ ಕೇಳಿ.

ಇದಕ್ಕಿಂತ ಮುಖ್ಯವಾದದ್ದು ಆ ಒಂಬತ್ತು ದಿನದ ಮಾತು. ಒಂದು ಕಡೆ ಮಾತ್ರೆ ತುಂಬುತ್ತಾ ಇನ್ನೊಂದು ಕಡೆ ರಕ್ತ ಹೋಗುತ್ತಲೇ ಇದ್ದರೆ ತೂತು ಕೊಡಕ್ಕೆ ನೀರು ಸೇದಿದ ಹಾಗೆ. ಶಿವಮೊಗ್ಗದಲ್ಲಿ ಒಳ್ಳೆಯ ಲೇಡಿ ಡಾಕ್ಟರ್ ಬಳಿ ಅತ್ತಿಗೆ ಈ ವಾರವೇ ಕರೆದುಕೊಂಡು ಹೋಗಲಿ, ರಮ್ಯಾ ತಾನೇ ಬಾಯಿಬಿಟ್ಟು ಹೇಳಲಿ.

'ಯಾರ ಕಿವಿಗೂ ಬೀಳಬಾರದು, ನಾಳೆ ಸಂಬಂಧ ನೋಡುವಾಗ ಕಷ್ಟ' ಎಂದು ಬರೆದಿದ್ದೀಯಲ್ಲ, ಅದನ್ನು ಓದಿ ನನಗೆ ನಿಜಕ್ಕೂ ಸಿಟ್ಟು ಬಂತು. ಅವಳಿಗೆ ಹದಿನೇಳು. ಎರಡನೆಯ ಪಿಯುಸಿ. ಸಂಬಂಧದ ಮಾತು ಈಗ ಎಲ್ಲಿಂದ ಬಂತು? ಅದೂ ಇರಲಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ನೂರಕ್ಕೆ 59 ಜನರಿಗೆ ರಕ್ತಹೀನತೆ ಇದೆ. ಅದೇ ವಯಸ್ಸಿನ ಹುಡುಗರಲ್ಲೂ ನೂರಕ್ಕೆ 31. ನೋಡಲು ಬರುವ ಗಂಡಿನ ಅಕ್ಕತಂಗಿಯರಿಗೂ ಇರುತ್ತದೆ, ಗಂಡಿಗೇ ಇದ್ದರೂ ಇರಬಹುದು! ಸರ್ಕಾರಿ ಶಾಲೆಗಳಲ್ಲಿ ವಾರಕ್ಕೊಂದು ನೀಲಿ ಮಾತ್ರೆ ಕೊಡುವುದು ಸುಮ್ಮನೆಯೇ? ರಮ್ಯಾ ಚಿಕ್ಕವಳಿದ್ದಾಗ ಅದನ್ನು ನಾಲಿಗೆಯ ಕೆಳಗಿಟ್ಟುಕೊಂಡು ಬಂದು ದಾಸವಾಳದ ಬುಡಕ್ಕೆ ಉಗುಳುತ್ತಿದ್ದುದನ್ನು ಈಗ ಅನಘಾಳಿಗೆ ಹೇಳಿ ನಕ್ಕಿದ್ದಾಳೆ. ಆ ದಾಸವಾಳವೇ ಮನೆಯಲ್ಲಿ ಎಲ್ಲರಿಗಿಂತ ಗಟ್ಟಿಯಾಗಿದೆ.

ಇನ್ನೊಂದು ಕೇಳು. ಇಲ್ಲಿ ಈಗ ನಾಲ್ಕು ಗಂಟೆಗೆಲ್ಲ ಕತ್ತಲು. ಅಕ್ಟೋಬರಿನಿಂದ ಮಾರ್ಚಿನವರೆಗೆ ಬಿಸಿಲು ಸಾಲದೆಂದು ಎಲ್ಲರೂ ದಿನಕ್ಕೆ 10 ಮೈಕ್ರೋಗ್ರಾಂ ವಿಟಮಿನ್ ಡಿ ತೆಗೆದುಕೊಳ್ಳಿ ಎಂದು ಸರ್ಕಾರವೇ ಹೇಳುತ್ತದೆ. ಬಿಸಿಲನ್ನೂ ಮಾತ್ರೆಯಲ್ಲಿ ನುಂಗುವ ಜನ ಇವರು. ಅದಕ್ಕಾಗಿ ಯಾರ ಮದುವೆಯೂ ನಿಂತಿಲ್ಲ.

ಅಣ್ಣ, ನೀನೂ ಇದನ್ನು ಓದುತ್ತಿದ್ದೀಯೆಂದು ಗೊತ್ತು, ಏಕೆಂದರೆ ಅಂಚೆ ತಡವೆಂದು ಇದರ ಫೋಟೋವನ್ನು ನಿನ್ನ ಮೊಬೈಲಿಗೇ ಕಳುಹಿಸುತ್ತಿದ್ದೇನೆ. ಮಧ್ಯದ ಪುಟ ದಾಟಿಸಿ ಓದಬೇಡ. ನೀನು ಅವಳ ಅಪ್ಪ. ಕ್ಯಾಲಮ್‌ನ ಅಪ್ಪ ಆ ಮೇಜಿನ ಮುಂದೆ ನಿಂತು, ತನ್ನ ದೊಡ್ಡ ಮಗಳಿಗೂ ಹೀಗೇ ಆಗಿತ್ತು ಎಂದು ಗಂಟಲು ಸರಿಪಡಿಸಿಕೊಂಡು ನನ್ನ ಹತ್ತಿರ ಮಾತನಾಡಿದರು. ಮುಖ ಕೆಂಪಾಗಿತ್ತು, ಆದರೂ ಮಾತನಾಡಿದರು. ನೀನು ಭಾಷಣ ಮಾಡುವುದು ಬೇಡ, ಮಾತ್ರೆ ಮುಗಿಯುವ ಮೊದಲು ತಂದುಕೊಡು, ಅಷ್ಟು ಸಾಕು. ಅಡಿಕೆ ಕೈಕೊಟ್ಟ ವರ್ಷ ಇದು, ಕೈ ಬಿಗಿಯಿರುತ್ತದೆ. ಪರೀಕ್ಷೆ, ಸ್ಕ್ಯಾನಿಂಗ್ ಏನೇ ಬರೆದರೂ ಖರ್ಚು ನನ್ನದು. ಬೇಡವೆಂದು ಹಟ ಮಾಡಬೇಡ, ನನ್ನ ಫೀಸು ಕಟ್ಟಲು ನೀನು ಬೈಕು ಮಾರಿದಾಗ ನಾನು ಹಟ ಮಾಡಿದ್ದೆನೇ?

ಅವಳು ಸೀಟು ಸಿಗಬೇಕೆಂದು ರಾತ್ರಿ ಒಂದರವರೆಗೆ ಓದಿ, ಬೆಳಿಗ್ಗೆ ತಿಂಡಿ ಬಿಟ್ಟು ಓಡುತ್ತಾಳಂತೆ. ಅದನ್ನೂ ವಿಚಾರಿಸಿ. ತುಂಬ ಒತ್ತಡವೆನಿಸಿದರೆ 14416ಕ್ಕೆ ಫೋನು ಮಾಡಬಹುದು, ಟೆಲಿ ಮಾನಸ್ ಎಂದು, ದುಡ್ಡಿಲ್ಲ, ಕನ್ನಡದಲ್ಲೇ ಮಾತನಾಡುತ್ತಾರೆ. ಹುಚ್ಚಿಗೆ ಮಾತ್ರ ಎಂದುಕೊಳ್ಳಬೇಡ, ಅಮ್ಮ.

ಅತ್ತಿಗೆ ಕೇಳಿದ್ದ ಗರ್ಭಕಂಠದ ಕ್ಯಾನ್ಸರಿನ ಲಸಿಕೆ ಅನಘಾಳಿಗೆ ಶಾಲೆಯಲ್ಲೇ ಹಾಕಿದ್ದಾರೆ. ಇಲ್ಲಿ 2008ರಿಂದ ಹುಡುಗಿಯರಿಗೂ 2019ರಿಂದ ಹುಡುಗರಿಗೂ ಹಾಕುತ್ತಿದ್ದಾರೆ. ಹನ್ನೆರಡು ಹದಿಮೂರರಲ್ಲಿ ಪೂರ್ತಿ ಹಾಕಿಸಿಕೊಂಡ ಮೊದಲ ತಂಡದ ಹುಡುಗಿಯರಲ್ಲಿ ಒಬ್ಬರಿಗೂ ಆ ಕ್ಯಾನ್ಸರ್ ಬಂದದ್ದು ಕಾಣಲಿಲ್ಲವೆಂದು ಹೋದ ವರ್ಷ ಇಲ್ಲಿನ ಅಧ್ಯಯನ ಹೇಳಿತು. ಡಾಕ್ಟರ್ ಬಳಿ ಹೋದಾಗ ರಮ್ಯಾಳಿಗೂ ಕೇಳಿ ನೋಡಲಿ.

ಅಮ್ಮ, ನೀನು ಗಾಬರಿಯಾಗಬೇಡ. ಇದು ವಾಸಿಯಾಗುವ ಕಾಯಿಲೆ. ಖಂಡಿತ ವಾಸಿಯಾಗುತ್ತದೆ. ಹೆದರುವಂಥದ್ದು ಏನೇನೂ ಇಲ್ಲ, ಕೆಲವೇ ವಾರಗಳಲ್ಲಿ ಅವಳ ಮುಖದಲ್ಲಿ ಕಳೆ ಬರುತ್ತದೆ, ನೋಡುತ್ತಿರು. ನನಗಂತೂ ಚಿಂತೆಯೇ ಇಲ್ಲ. ಡಾಕ್ಟರ್ ಬಳಿ ಹೋಗಿಬಂದ ದಿನ ಮಾತ್ರ ಎಷ್ಟು ಹೊತ್ತಾದರೂ ಸರಿ, ಫೋನು ಮಾಡಿಸು. ಇಲ್ಲಿ ಮಧ್ಯರಾತ್ರಿಯಾದರೂ ಎದ್ದಿರುತ್ತೇನೆ.

ಅನಘಾಳ ಬಸ್ಸು ಬರುವ ಹೊತ್ತಾಯಿತು, ಮಳೆ ಬೇರೆ ಹಿಡಿದಿದೆ, ಕೊಡೆ ಒಯ್ಯದೆ ಹೋಗಿದ್ದಾಳೆ. ಉಳಿದದ್ದು ಮುಂದಿನ ಸಲ. ಎಲ್ಲರಿಗೂ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ.

ಇಂತಿ ನಿನ್ನ ಮಗಳು,
ಸುಧಾ

ವಿ.ಸೂ.: ಸೀನು ಮಾವನ ಮನೆಯ ಮದುವೆಗೆ ನಮ್ಮ ಲೆಕ್ಕದಲ್ಲಿ ಮುಯ್ಯಿ ಮಾಡಿಬಿಡು, ದುಡ್ಡು ಅಣ್ಣನ ಖಾತೆಗೆ ಹಾಕುತ್ತೇನೆ. ಅಲ್ಲಿ ಯಾರಾದರೂ ರಮ್ಯಾ ಯಾಕೆ ಸೊರಗಿದ್ದಾಳೆ ಎಂದು ಕೇಳಿದರೆ ರಕ್ತ ಕಡಿಮೆಯಿದೆ, ಔಷಧಿ ನಡೆಯುತ್ತಿದೆ ಎಂದು ಹೇಳು.