ವಲಸೆ ಹೋದ ಮರದ ಚರ್ಚು: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯನಿಗೆ ನಮಸ್ಕಾರಗಳು.

ಹಳೆಯ ಕಟ್ಟಡವನ್ನು ಬಿಚ್ಚಿ ಬೇರೆಡೆ ನಿಲ್ಲಿಸಿದರೆ ಅದು ಹಳೆಯದಾಗಿಯೇ ಉಳಿಯುತ್ತದೆಯೇ ಎಂದು ನೀನು ಕೇಳಿದ್ದೆ. ಪೋಲೆಂಡಿನ ಕಾರ್ಪಾಚ್‌ ಊರಿನ ಬೆಟ್ಟದಲ್ಲಿರುವ ವಾಂಗ್ ಚರ್ಚಿನ ಕಥೆಯನ್ನೇ ಇದಕ್ಕೆ ಉತ್ತರವಾಗಿ ಬರೆಯುತ್ತಿದ್ದೇನೆ.

ಅದು ಹುಟ್ಟಿದ್ದು ಪೋಲೆಂಡಿನಲ್ಲಲ್ಲ. ಸುಮಾರು 1200ರ ಹೊತ್ತಿಗೆ, ನಾರ್ವೆಯ ವಾಲ್ಡ್ರೆಸ್ ಸೀಮೆಯ ವಾಂಗ್ ಎಂಬ ಹಳ್ಳಿಯಲ್ಲಿ. ಅದಕ್ಕೂ ಹಿಂದಿನ ತಲೆಮಾರಿನ ಬಡಗಿಗಳು ಚರ್ಚಿನ ಕಂಬಗಳನ್ನು ನೇರವಾಗಿ ಮಣ್ಣಿನಲ್ಲಿ ಹೂಳುತ್ತಿದ್ದುದರಿಂದ ಅವುಗಳ ಬುಡ ಬೇಗನೆ ಕೊಳೆಯುತ್ತಿತ್ತು. ಮುಂದೆ ಕಲ್ಲುಗಳ ಮೇಲೆ ಅಡಿತೊಲೆಗಳನ್ನು ಮಲಗಿಸಿ, ಕಂಬಗಳನ್ನು ಅವುಗಳ ಮೇಲೆ ನಿಲ್ಲಿಸಿ, ನಡುವೆ ಹಲಗೆಗಳನ್ನು ನೆಟ್ಟಗೆ ನಿಲ್ಲಿಸಿ ಕೂಡಿಸುವ ಕ್ರಮ ಬಂದಿತು. ಪೈನ್ ಮರದ ಕಟ್ಟಡಗಳು ಶತಮಾನಗಳ ಮಳೆ ಹಿಮವನ್ನು ತಡೆದುಕೊಂಡದ್ದು ಈ ಒಂದು ಬದಲಾವಣೆಯಿಂದ, ಜೊತೆಗೆ ಮೈಗೆ ಮತ್ತೆ ಮತ್ತೆ ಬಳಿಯುತ್ತಿದ್ದ ಮರದ ಟಾರಿನಿಂದ.

19ನೇ ಶತಮಾನದಲ್ಲಿ ಊರಿನವರಿಗೆ ದೊಡ್ಡ ಚರ್ಚು ಬೇಕಾಯಿತು. ಹಳೆಯದನ್ನು ಉಳಿಸಲು ಹೆಣಗಿದವನು ಯೋಹಾನ್ ಕ್ರಿಸ್ಟಿಯಾನ್ ಡಾಲ್ ಎಂಬ ನಾರ್ವೆಯ ಚಿತ್ರಕಾರ. ಆಗ ಡ್ರೆಸ್ಡೆನ್‌ನಲ್ಲಿ ಪ್ರಾಧ್ಯಾಪಕನಾಗಿದ್ದ. ಸ್ವದೇಶದಲ್ಲಿ ದಾರಿ ಕಾಣದೆ ಅವನು ಪ್ರಶ್ಯ ಎಂಬ ಜರ್ಮನ್ ರಾಜ್ಯದ ದೊರೆ ನಾಲ್ಕನೆಯ ಫ್ರೆಡ್ರಿಕ್ ವಿಲ್ಹೆಲ್ಮನನ್ನು ಒಪ್ಪಿಸಿದ್ದರಿಂದ, 1841ರಲ್ಲಿ ಚರ್ಚು ದೊರೆಯ ಪಾಲಾಯಿತು. ಶೀರ್ಟ್ಸ್ ಎಂಬ ವಾಸ್ತುಶಿಲ್ಪಿ ಅದರ ಅಳತೆ ತೆಗೆದು ನಕ್ಷೆ ಬರೆದ ಮೇಲೆ, ಬಿಚ್ಚಿದ ಮರವೆಲ್ಲ ಹಡಗಿನಲ್ಲಿ ಶ್ಟೆಟಿನ್ ಬಂದರಿಗೂ ಅಲ್ಲಿಂದ ಬರ್ಲಿನ್ನಿಗೂ ಸಾಗಿತು. ಬೆಟ್ಟದ ಜನರಿಗೆ ಹತ್ತಿರದಲ್ಲೊಂದು ಚರ್ಚು ಬೇಕಿದೆ ಎಂದು ಕೌಂಟೆಸ್ ಫ್ರೀಡರೀಕೆ ಫಾನ್ ರೇಡನ್ ಸೂಚಿಸಿದ್ದರಿಂದ, ಅದು ಕೊನೆಗೆ ಆಗ ಪ್ರಶ್ಯಕ್ಕೆ ಸೇರಿದ್ದ ಸೈಲೀಸಿಯದ ಬೆಟ್ಟವನ್ನೇರಿ, 1844ರ ಜುಲೈ 28ರಂದು ಪ್ರತಿಷ್ಠಾಪನೆಗೊಂಡಿತು. ಎರಡನೆಯ ಮಹಾಯುದ್ಧದ ನಂತರ ಆ ಪ್ರದೇಶವೇ ಪೋಲೆಂಡಿಗೆ ಸೇರಿತು.

ಇನ್ನು ನಿನ್ನ ಪ್ರಶ್ನೆಗೆ ಬರುತ್ತೇನೆ. ಇಂದು ಕಾಣುವ ಚರ್ಚಿನಲ್ಲಿ ಮಧ್ಯಯುಗದ ಮರ ಒಂದು ಭಾಗ ಮಾತ್ರ. ಉಳಿದ ಬಹುಪಾಲು, ಅಂದರೆ ಹೊರಗೋಡೆ, ಮಾಡು ಮುಂತಾದವು, ಮಧ್ಯಯುಗ ಹೇಗಿದ್ದಿರಬೇಕೆಂದು 1840ರ ದಶಕದವರು ಊಹಿಸಿ ಮಾಡಿದವು. ಪಕ್ಕದ ಕಲ್ಲಿನ ಗೋಪುರವೂ ಆಗಿನದೇ. ಇದನ್ನು ಜೀರ್ಣೋದ್ಧಾರ ಎನ್ನಲು ನನಗೆ ಮನಸ್ಸು ಬಾರದು. ಆದರೂ ಡಾಲ್‌ನನ್ನು ದೂರಲಾರೆ, ಏಕೆಂದರೆ ಊರಲ್ಲೇ ಬಿಟ್ಟಿದ್ದರೆ ಅಷ್ಟೂ ಉಳಿಯುತ್ತಿರಲಿಲ್ಲ. ಚರ್ಚಿನಲ್ಲಿ ಊರಿನ ಜನಸಂಖ್ಯೆಯ ಹತ್ತರಲ್ಲಿ ಮೂರು ಪಾಲಿಗಾದರೂ ಸ್ಥಳವಿರಬೇಕೆಂದು 1851ರಲ್ಲಿ ನಾರ್ವೆಯ ಕಾನೂನೇ ವಿಧಿಸಿದ ಮೇಲೆ ಇಂಥ ಚಿಕ್ಕ ಚರ್ಚುಗಳು ಸಾಲಾಗಿ ನೆಲಕ್ಕುರುಳಿದವು. ಕಂಬ ಹಲಗೆಗಳ ಇಂಥ ಮಧ್ಯಯುಗದ ಚರ್ಚುಗಳಲ್ಲಿ ಈಗ ಆ ದೇಶದಲ್ಲಿ ಉಳಿದಿರುವುದು 28 ಮಾತ್ರ.

1844ರಲ್ಲೇ ಡಾಲ್ ಮತ್ತು ಗೆಳೆಯರು ನಾರ್ವೆಯಲ್ಲಿ ಪ್ರಾಚೀನ ಸ್ಮಾರಕಗಳ ಸಂರಕ್ಷಣೆಗೆಂದು ಸಂಘವೊಂದನ್ನು ಕಟ್ಟಿದರು. ಬೋರ್ಗುಂಡ್ ಚರ್ಚನ್ನು 1877ರಲ್ಲಿ, ಉರ್ನೆಸ್ ಚರ್ಚನ್ನು 1881ರಲ್ಲಿ ತನ್ನದಾಗಿಸಿಕೊಂಡು ಇದ್ದಲ್ಲಿಯೇ ಉಳಿಸಿದ್ದು ಅದೇ ಸಂಘ. 2001ರಿಂದ 2015ರವರೆಗೆ ನಡೆದ ಸರಕಾರಿ ಕಾರ್ಯಕ್ರಮದಲ್ಲಂತೂ ಹಳೆಯ ಮರವನ್ನು ಆದಷ್ಟು ಉಳಿಸಿಕೊಂಡು, ಕೆಟ್ಟ ಭಾಗಕ್ಕಷ್ಟೇ ಹಳೆಯ ಬಡಗಿತನದ ರೀತಿಯಲ್ಲೇ ಹೊಸ ಮರವನ್ನು ಬೆಸೆದರು. ನನ್ನ ಒಲವು ಈ ಬಗೆಯ ದುರಸ್ತಿಯ ಕಡೆಗಿದೆ.

ಕಾರ್ಪಾಚ್‌ಗೆ ಹೋದರೆ ಮಾಡಿನ ಅಂದಕ್ಕೆ ಮರುಳಾಗದೆ, ಬಾಗಿಲವಾಡಗಳ ಕೆತ್ತನೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲು. ಹಳೆಯ ಬಡಗಿಗಳ ಕೈಕೆಲಸ ಅಲ್ಲಿದೆ.

ಇಂತು ನಿನ್ನ,
ಗೆಳೆಯ